ಅಳಿಯನ ಜೀಪು, ಮೊಮ್ಮಗಳ ಹೆಲ್ಮೆಟ್ಟು

ನಮ್ಮ ಅಡುಗೆಮನೆಯಲ್ಲಿ ಬಳ್ಳೊಳ್ಳಿ ಇಡುವುದು ಒಂದು ಹಳದಿ ಹೆಲ್ಮೆಟ್ಟಿನಲ್ಲಿ. ಮೋಟರ್ ಸೈಕಲಿನವರು ಹಾಕುವ ಗಡಿಗೆಯಂಥದ್ದಲ್ಲ, ಸೈಕಲ್ ತುಳಿಯುವವರದು. ನೆತ್ತಿಯ ಮೇಲೆ ಉದ್ದುದ್ದ ತೂತುಗಳಿವೆ. ಗಾಳಿಯಾಡುತ್ತದೆ, ಬಳ್ಳೊಳ್ಳಿ ಕೆಡುವುದಿಲ್ಲ. ಎಡಗಡೆ ಸೀಳು ಬಿಟ್ಟಿದೆ, ಇನ್ನು ತಲೆಗೆ ಉಪಯೋಗವಿಲ್ಲ. ಆದರೆ ಪಟ್ಟಿ ಗಟ್ಟಿ ಇದೆ, ಗೂಟಕ್ಕೆ ತೂಗುಹಾಕಲು ಬರುತ್ತದೆ. ಕೆಲಸಕ್ಕೆ ಬರುವ ವಸ್ತುವನ್ನು ಬಿಸಾಡುವ ಚಟ ನನಗಿಲ್ಲ.

ಬಂದವರೆಲ್ಲ ಕೇಳುತ್ತಾರೆ. ಪಕ್ಕದ ಮನೆಯ ಸೊಸೆ ಇದು ಯಾವ ಊರಿನ ಬುಟ್ಟಿ ಎಂದಳು. ತಲೆಗೆ ಹಾಕುವುದು ಎಂದೆ, ನಕ್ಕಳು. ಸೈಕಲಿಗೂ ಹೆಲ್ಮೆಟ್ಟು ಇರುತ್ತದೆಯೇ ಎಂದಳು ಇನ್ನೊಬ್ಬಳು. ಇರುತ್ತದೆ. ನಾನೇ ಹಾಕಿಕೊಂಡಿದ್ದೆ. ಅದನ್ನು ಹೇಳಲು ಹೋದರೆ ನಡುವೆ ಅಳಿಯನ ಸುದ್ದಿ ಬರುತ್ತದೆ. ಅಳಿಯನ ಸುದ್ದಿಯನ್ನು ಅತ್ತೆ ಊರ ಮುಂದೆ ಆಡಬಾರದು ಎಂದು ನಮ್ಮಲ್ಲಿ ಒಂದು ಮರ್ಯಾದೆ. ಆ ಮರ್ಯಾದೆಯನ್ನು ಹೊತ್ತು ಹೊತ್ತು ನನಗೆ ಸಾಕಾಗಿದೆ. ನೀವು ಹೇಗೂ ಕೂತಿದ್ದೀರಿ, ಹೇಳಿಬಿಡುತ್ತೇನೆ.

ಮೊದಲು ನನ್ನ ಸೈಕಲಿನ ಮಾತು. ಈ ವಯಸ್ಸಿನ ಹೆಂಗಸು ಸೈಕಲ್ ತುಳಿಯುತ್ತಾಳೆಂದರೆ ಹುಮನಾಬಾದಿನಲ್ಲಿ ಜನ ನಿಂತು ನೋಡುತ್ತಾರೆ. ಬಸವಕಲ್ಯಾಣದ ನಮ್ಮ ಓಣಿಯಲ್ಲಿ ಯಾರೂ ನೋಡುವುದಿಲ್ಲ, ನೋಡಿ ನೋಡಿ ಅವರಿಗೆ ಬೇಸರವಾಗಿದೆ. ನನ್ನ ಗಂಡ ಮನೆಮನೆಗೆ ಹಾಲು ಹಾಕುತ್ತಿದ್ದ. ಒಂದು ಸಲ ಅವನ ಮೊಣಕಾಲು ಬಾತುಕೊಂಡಿತು, ಇಳಿಯಲೇ ಇಲ್ಲ. ಎಮ್ಮೆಗೆ ಮೊಣಕಾಲಿನ ಸುದ್ದಿ ಗೊತ್ತಿಲ್ಲ, ಅದು ಹೊತ್ತಿಗೆ ಸರಿಯಾಗಿ ಹಾಲು ಇಳಿಸುತ್ತದೆ. ಕ್ಯಾನು ತುಂಬಿಕೊಂಡು ಕೂತಿತ್ತು. ನಾನು ಕಚ್ಚೆ ಉಡುವವಳು. ಕಚ್ಚೆ ಉಟ್ಟವಳಿಗೆ ಗಂಡಸರ ಸೈಕಲಿನ ನಡುವಿನ ಕಂಬಿ ಏನು ಅಡ್ಡ? ಹಿತ್ತಲಲ್ಲಿ ಬಿದ್ದೆ, ಎದ್ದೆ, ಕಲಿತೆ. ನನ್ನ ಅತ್ತೆ ಬಯ್ಯುತ್ತಾಳೆಂದು ಹೆದರಿದ್ದೆ. ಆಕೆ ಬಾಗಿಲಲ್ಲಿ ನಿಂತು, ಎಮ್ಮೆ ತಾನೇ ಹೋಗಿ ಮನೆಮನೆಗೆ ಹಾಲು ಹಾಕಿಬರುತ್ತದೇನು, ನೀನೇ ಹೋಗು ಎಂದಳು. ಹೋದೆ. ಮಗಳು ಕಸ್ತೂರಿಯ ಮದುವೆಯಾಗಿ, ಎಮ್ಮೆ ಮಾರುವವರೆಗೂ ಹೋದೆ.

ಆ ಕಾಲದ ಡ್ರೈವರುಗಳು ಒಳ್ಳೆಯವರಿದ್ದರು ಎಂದು ನಾನು ಹೇಳುವುದಿಲ್ಲ. ಗಾಡಿಗಳು ಕಡಿಮೆ ಇದ್ದವು, ಅಷ್ಟೇ. ಆದರೆ ಒಂದು ಮಾತು ನಿಜ. ನಾನು ತಲೆ ಮೇಲೆ ಸೆರಗು ಹೊದ್ದು ಹೋಗುತ್ತಿದ್ದೆ. ಹಿಂದಿನಿಂದ ಬರುವ ಬಸ್ಸಿನವನಿಗೂ ಲಾರಿಯವನಿಗೂ ಸೆರಗು ಕಾಣುತ್ತಿತ್ತು. ಯಾರದೋ ಅವ್ವ, ಯಾರದೋ ಅಕ್ಕ ಎಂದು ಸ್ವಲ್ಪ ಸರಿದು ಹೋಗುತ್ತಿದ್ದರು. ಸೈಕಲಿಗೆ ಯಾರೂ ದಾರಿ ಬಿಟ್ಟಿರಲಿಲ್ಲ, ಬಿಟ್ಟದ್ದು ಸೆರಗಿಗೆ. ಇದು ನನಗೆ ಆಗ ತಿಳಿದಿರಲಿಲ್ಲ. ಹುಮನಾಬಾದಿನಲ್ಲಿ ತಿಳಿಯಿತು.

ಕಸ್ತೂರಿಯನ್ನು ಕೊಟ್ಟದ್ದು ಹುಮನಾಬಾದಿಗೆ. ಅಳಿಯ ಶಿವರಾಜನದು ಜೀಪು. ಹುಮನಾಬಾದಿನಿಂದ ಕಲ್ಯಾಣಕ್ಕೆ, ಕಲ್ಯಾಣದಿಂದ ಹುಮನಾಬಾದಿಗೆ ಮಂದಿಯನ್ನು ಹೇರಿಕೊಂಡು ಓಡಾಡುತ್ತಾನೆ. ಕುಡಿಯುವವನಲ್ಲ, ಹೆಂಡತಿಯ ಮೇಲೆ ಕೈ ಎತ್ತುವವನಲ್ಲ. ಅಳಿಯ ಎಂದರೆ ಇಷ್ಟಿದ್ದರೆ ಸಾಕು ಎಂದುಕೊಂಡಿದ್ದೆ. ಅವನ ಜೀಪಿನಲ್ಲಿ ನಾನು ಹೆಚ್ಚು ಕೂತವಳಲ್ಲ. ಅತ್ತೆ, ಅಳಿಯ ಒಂದೇ ಗಾಡಿಯಲ್ಲಿ ಎದುರುಬದುರು ಕೂಡುವುದು ನಮ್ಮಲ್ಲಿ ಛಂದ ಅಲ್ಲ. ಬಸ್ಸಿಗೇ ಹೋಗುತ್ತಿದ್ದೆ.

ಛಂದ ಅಲ್ಲದ್ದು ಅದೊಂದೇ ಅಲ್ಲ. ಅಳಿಯನ ಮುಂದೆ ಅತ್ತೆ ಸೆರಗು ಹೊದ್ದಿರಬೇಕು, ಎದುರು ನಿಲ್ಲಬಾರದು, ಮಾತಾಡಬಾರದು. ಈಗಿನವರು ಬಿಟ್ಟಿದ್ದಾರೆ. ನಾನು ಬಿಡಲಿಲ್ಲ. ಭಕ್ತಿ ಎಂದಲ್ಲ, ಒಮ್ಮೆ ಹಿಡಿದದ್ದನ್ನು ಬಿಡಲು ಒಂದು ನೆವ ಬೇಕು, ನೆವ ಸಿಗಲಿಲ್ಲ. ಮದುವೆಯಾದಂದಿನಿಂದ ನಾವಿಬ್ಬರೂ ಒಬ್ಬರಿಗೊಬ್ಬರು ನೇರವಾಗಿ ಒಂದು ಮಾತೂ ಆಡಿರಲಿಲ್ಲ. ಹಾಗೆಂದು ಸುಮ್ಮನಿದ್ದೆವೆಂದಲ್ಲ. ಅವನು ಊಟಕ್ಕೆ ಕೂತಾಗ ನಾನು ಒಳಗಿನಿಂದ ಮೊಮ್ಮಗಳನ್ನು ಕರೆದು ನಿಮ್ಮಪ್ಪನಿಗೆ ಇನ್ನೊಂದು ರೊಟ್ಟಿ ಬೇಕೇನು ಕೇಳು ಎನ್ನುವುದು, ಅವನು ಅದೇ ಮೊಮ್ಮಗಳಿಗೆ ನಿಮ್ಮ ಆಯಿಗೆ ಸಾಕು ಎಂದು ಹೇಳು ಎನ್ನುವುದು. ಮಗು ಮನೆಯಲ್ಲಿ ಇಲ್ಲದಿದ್ದರೆ ಬೆಕ್ಕಿಗೆ ಹೇಳುತ್ತಿದ್ದೆವು. ಬೆಕ್ಕೂ ಇಲ್ಲದಿದ್ದರೆ ಗೋಡೆ ಇದ್ದೇ ಇದೆ. ಕಸ್ತೂರಿ ಇದನ್ನೆಲ್ಲ ಕೇಳಿ ತಲೆ ಚಚ್ಚಿಕೊಳ್ಳುತ್ತಿದ್ದಳು.

ಮೊಮ್ಮಗಳು ಅಂಬಿಕಾ, ನಾವು ಅಂಬು ಎನ್ನುತ್ತೇವೆ. ಹೈಸ್ಕೂಲಿಗೆ ಹೋದಾಗ ಅವಳಿಗೆ ಸರ್ಕಾರದಿಂದ ಸೈಕಲ್ ಬಂತು. ಅವಳ ಶಾಲೆ ಊರಿನ ಆಚೆ ತುದಿಗೆ, ಹೆದ್ದಾರಿಯ ಪಕ್ಕದ ರಸ್ತೆಯಲ್ಲಿದೆ. ಲಾರಿ, ಟಿಪ್ಪರು, ಕಬ್ಬಿನ ಕಾಲದಲ್ಲಿ ಎರಡೆರಡು ಟ್ರಾಲಿ ಎಳೆಯುವ ಟ್ರ್ಯಾಕ್ಟರು, ಎಲ್ಲವೂ ಅಲ್ಲೇ. ಶಿವರಾಜ ಒಂದು ವಾರ ಯೋಚನೆ ಮಾಡಿದ. ಆಮೇಲೆ ಬಾಡಿಗೆ ಮೇಲೆ ಹೈದರಾಬಾದಿಗೆ ಹೋದಾಗ ಈ ಹಳದಿ ಹೆಲ್ಮೆಟ್ಟನ್ನು ತಂದ. ಓಣಿಯವರು ನಕ್ಕರು. ಇಡೀ ಹುಮನಾಬಾದಿನಲ್ಲಿ ಸೈಕಲಿಗೆ ಹೆಲ್ಮೆಟ್ಟು ಹಾಕುವವಳು ನನ್ನ ಮೊಮ್ಮಗಳೊಬ್ಬಳೇ. ಶಾಲೆಯ ಹುಡುಗಿಯರು ಅವಳಿಗೆ ಕುಂಬಳಕಾಯಿ ಎಂದು ಹೆಸರಿಟ್ಟರು. ಅವಳು ಬೇಡವೆಂದು ಅತ್ತಾಗ ಶಿವರಾಜ ಹೇಳಿದ್ದನ್ನು ನಾನು ಅಡುಗೆಮನೆಯಲ್ಲಿ ಕೂತು ಕೇಳಿದ್ದೇನೆ.

"ರೋಡ್ ಮ್ಯಾಲ ಎಂಥೆಂಥಾ ಹಲ್ಕಟ್ ಮಂದಿ ಗಾಡಿ ಹೊಡೀತಾರ, ನಿನಗ ಗೊತ್ತಿಲ್ಲವ್ವಾ. ನನಗ ಗೊತ್ತದ. ಸುಮ್ನ ಹಾಕ್ಕೋ."

ಗೊತ್ತಿರದೆ ಏನು.

ಹೋದ ಚಳಿಗಾಲದಲ್ಲಿ ಕಸ್ತೂರಿಗೆ ಜ್ವರ ಬಂದು ಇಳಿಯಲಿಲ್ಲ. ಮನೆ ನಡೆಸುವುದಕ್ಕೆ ನಾನು ಹೋದೆ. ಅಡುಗೆ ಮಾಡಿದೆ, ಬಟ್ಟೆ ಒಗೆದೆ. ಪೇಟೆಗೆ, ಗಿರಣಿಗೆ ಹೋಗಲು ಮೊಮ್ಮಗಳ ಸೈಕಲ್ ತೆಗೆದುಕೊಂಡೆ. ಹೆಂಗಸರ ಸೈಕಲ್, ಕಂಬಿಯೂ ಇಲ್ಲ, ಮಂಚದ ಮೇಲೆ ಕೂತಂತೆ. ಅಂಬು ಬಾಗಿಲಲ್ಲಿ ಅಡ್ಡ ನಿಂತಳು. ಹೆಲ್ಮೆಟ್ಟು ಹಾಕಿಕೊಳ್ಳದೆ ಸೈಕಲ್ ಕೊಡುವುದಿಲ್ಲ ಎಂದಳು. ತಾನು ಕುಂಬಳಕಾಯಿ ಎನಿಸಿಕೊಂಡ ಮೇಲೆ ಆಯಿ ಹೇಗೆ ತಪ್ಪಿಸಿಕೊಳ್ಳುತ್ತಾಳೆ ನೋಡೋಣ ಎಂಬುದು ಅವಳ ಹಟ. ಹಾಕಿಕೊಂಡೆ. ತಲೆಯ ಮೇಲೆ ಕೂಡಲಿಲ್ಲ. ಆ ಟೋಪಿ ಮಾಡಿದವನು ಹೆಂಗಸಿಗೆ ತುರುಬು ಇರುತ್ತದೆ ಎಂದು ಯೋಚಿಸಿದವನಲ್ಲ. ಅಂಬು ನನ್ನ ತುರುಬನ್ನು ಬಿಚ್ಚಿ ಕುತ್ತಿಗೆಗೆ ಇಳಿಸಿ ಕಟ್ಟಿದಳು, ಮೇಲೆ ಸೆರಗು ಹೊದಿಸಿದಳು, ಅದರ ಮೇಲೆ ಹೆಲ್ಮೆಟ್ಟು ಇಟ್ಟು ಗದ್ದದ ಕೆಳಗೆ ಪಟ್ಟಿ ಬಿಗಿದಳು. ಆ ಹೊತ್ತಿಗೇ ಶಿವರಾಜ ಒಳಗೆ ಬಂದ. ಸೆರಗು ಸರಿಸಿಕೊಳ್ಳಲು ಕೈ ಎತ್ತಿದೆ, ಬೇಕಾಗಲೇ ಇಲ್ಲ. ಅಳಿಯನ ಮುಂದೆ ಹೊದ್ದುಕೊಳ್ಳಲು ಇಷ್ಟು ಗಟ್ಟಿಯಾದ ಸೆರಗು ನನಗೆ ಯಾವತ್ತೂ ಸಿಕ್ಕಿರಲಿಲ್ಲ. ಅವನು ನಗು ನುಂಗಿಕೊಂಡು ಗೋಡೆ ನೋಡಿದ.

ಬೀದಿಗೆ ಹೋದ ಮೇಲೆ ಬೇರೆ ಕಥೆ. ಮೇಲೆ ಹೆಲ್ಮೆಟ್ಟು ಇದ್ದರೆ ಹಿಂದಿನವನಿಗೆ ಸೆರಗು ಕಾಣುವುದಿಲ್ಲ, ಬಿಳಿ ಕೂದಲು ಕಾಣುವುದಿಲ್ಲ, ಕಚ್ಚೆ ದೂರದಿಂದ ಧೋತರದ ಹಾಗೇ. ಕಾಣುವುದು ಒಂದು ಸೈಕಲ್. ಸೈಕಲ್ ಎಂದರೆ ರಸ್ತೆಯ ಮೇಲೆ ಬಿದ್ದ ಕಲ್ಲು, ಟೊಂಗೆ ಇದ್ದಂತೆ. ಹಾರ್ನ್ ಹೊಡೆದರೆ ಸರಿಯಬೇಕು, ಸರಿಯದಿದ್ದರೆ ಸರಿಸಿಕೊಂಡು ಹೋಗುವುದು. ಮೊದಲ ದಿನವೇ ಟಿಪ್ಪರಿನವನೊಬ್ಬ ಮೊಣಕೈಗೆ ಗಾಳಿ ಬಡಿಯುವಷ್ಟು ಹತ್ತಿರ ಹೋದ. ಆಟೋದವನೊಬ್ಬ ಸಮಕ್ಕೆ ಬಂದು, ರೇಸಿಗೆ ಹೊರಟೆಯಾ ಎಂದು ಕೇಳಿದ. ಮುಖ ನೋಡಿದ ಮೇಲೆ ನಾಲಿಗೆ ಕಚ್ಚಿಕೊಂಡು, ತಪ್ಪಾಯಿತು ಆಯಿ ಎಂದ. ನಾನು ಆಯಿ ಅಲ್ಲದಿದ್ದರೆ ತಪ್ಪಾಗುತ್ತಿರಲಿಲ್ಲ ಎಂದಾಯಿತು. ಇನ್ನೊಬ್ಬ ತನ್ನ ಪಕ್ಕದವನಿಗೆ ಹೇಳಿದ್ದು ನನ್ನ ಕಿವಿಗೇ ಬಿತ್ತು. ತಲೆಗೆ ಹಾಕ್ಕೊಂಡಾನಲ್ಲ, ಏನೂ ಆಗೋದಿಲ್ಲ, ನಡಿ ಎಂದ. ನನಗೆ ಆ ಟೋಪಿ ತೆಗೆದು ಬುಟ್ಟಿಯಲ್ಲಿಟ್ಟು, ಸೆರಗಿನ ಮೇಲೆಯೇ ಹೋಗಬೇಕೆನಿಸಿತು. ಆದರೆ ಅಂಬು ಮನೆ ಮುಂದೆ ಕಾಯುತ್ತಿರುತ್ತಾಳೆ, ತಲೆ ನೋಡುತ್ತಾಳೆ.

ಜೀಪಿನವರದು ಇನ್ನೊಂದು ಥರ. ಅವರ ಕಣ್ಣು ರಸ್ತೆಯ ಮೇಲೆ ಇರುವುದಿಲ್ಲ, ರಸ್ತೆಯ ಅಂಚಿನಲ್ಲಿ ಇರುತ್ತದೆ. ಯಾರು ಕೈ ಎತ್ತುತ್ತಾರೆ, ಯಾರು ಗಂಟು ಹಿಡಿದು ನಿಂತಿದ್ದಾರೆ ಎಂದು ಹುಡುಕುತ್ತಿರುತ್ತಾರೆ. ಸರ್ಕಾರಿ ಬಸ್ಸು ಬರುವುದರೊಳಗೆ ಆ ಕೈಯನ್ನು ಹಿಡಿಯಬೇಕು. ಕೈ ಕಂಡಿತೆಂದರೆ ಗಾಡಿ ತಟ್ಟನೆ ಎಡಕ್ಕೆ ಬರುತ್ತದೆ, ನಿಲ್ಲುತ್ತದೆ. ನಡುವೆ ಏನಿತ್ತು ಎಂಬುದು ಆಮೇಲಿನ ಮಾತು.

ಅವತ್ತು ಭಾನುವಾರ. ಅಂಬುವಿಗೆ ಸೂಟಿ. ನಾನು ಗಿರಣಿಯಲ್ಲಿ ಜೋಳ ಬೀಸಿಸಿಕೊಂಡು, ಹಿಟ್ಟಿನ ಡಬ್ಬಿ ಹಿಂದೆ ಕಟ್ಟಿಕೊಂಡು ಕಲ್ಯಾಣದ ರಸ್ತೆಯ ಅಂಚಿನಲ್ಲಿ ಬರುತ್ತಿದ್ದೆ. ಮುಂದೆ ಬೇವಿನ ಮರದ ಕೆಳಗೆ ಒಬ್ಬ ಗಂಡಸು ಕೈ ಎತ್ತಿದ. ಅವನು ಕೈ ಎತ್ತಿದ್ದು ಯಾರಿಗೆ ಎಂದು ಯೋಚಿಸುವುದರೊಳಗೆ ನನ್ನ ಬಲಗಡೆ ಒಂದು ತಗಡಿನ ಗೋಡೆ ಬಂತು, ಎಡಕ್ಕೆ ಒತ್ತಿತು. ಸೈಕಲ್ ಒಂದು ಕಡೆ, ನಾನು ಒಂದು ಕಡೆ. ರಸ್ತೆ ಬದಿಯ ತಗ್ಗಿನಲ್ಲಿ ಕಲ್ಲಿಗೆ ತಲೆ ಬಡಿದದ್ದು ಟಪ್ಪೆಂದು ನನಗೇ ಕೇಳಿಸಿತು. ಹಿಟ್ಟೆಲ್ಲ ನನ್ನ ಮೇಲೆ.

ಜೀಪಿನಿಂದ ಮಾತು ಬಂತು. "ಸಾಯಾಕ ನನ್ನ ಗಾಡೀನೇ ಬೇಕಾಗಿತ್ತೇನೋ ಭಾಡ್ಯಾ?"

ದನಿ ಗೊತ್ತಾಯಿತು. ಶಿವರಾಜನದು.

ಅವನು ಇಷ್ಟು ಹೇಳಿ ಗಾಡಿ ಬಿಡುವವನೇ ಇದ್ದ. ಕೈ ಎತ್ತಿದವನು ಹತ್ತಿಯಾಗಿತ್ತು. ಹೊರಡುವ ಮುಂಚೆ ಕನ್ನಡಿಯಲ್ಲಿ ಒಮ್ಮೆ ನೋಡಿದನಂತೆ. ಸರ್ಕಾರಿ ಸೈಕಲ್ ಎಲ್ಲ ಹುಡುಗಿಯರದೂ ಒಂದೇ ಬಣ್ಣ, ಅದರಿಂದ ಏನೂ ತಿಳಿಯುವುದಿಲ್ಲ. ಆದರೆ ತಗ್ಗಿನಲ್ಲಿ ಹಳದಿ ಕಂಡಿತು. ಊರಿನಲ್ಲಿ ಆ ಹಳದಿ ಒಂದೇ. ಅವನೇ ತಂದದ್ದು.

ಅವನು ಇಳಿದು ಓಡಿ ಬಂದದ್ದು ನನಗೆ ಕಾಣಲಿಲ್ಲ, ನಾನು ಬೋರಲು ಬಿದ್ದಿದ್ದೆ. ಕೇಳಿಸಿತು. ಅಂಬೂ, ಅಂಬೂ ಎನ್ನುತ್ತಿದ್ದ. ಹಿಟ್ಟಿನಲ್ಲಿ ಮುಳುಗಿದ್ದವಳದು ಸೀರೆಯೋ ಲಂಗವೋ ನೋಡುವ, ಆ ಹೆಲ್ಮೆಟ್ಟನ್ನು ಅತ್ತೆಯೂ ಹಾಕುತ್ತಾಳೆಂದು ನೆನೆಯುವ ಬುದ್ಧಿ ಅವನಲ್ಲಿ ಉಳಿದಿರಲಿಲ್ಲ. ಪಕ್ಕದಲ್ಲಿ ಕುಕ್ಕರಿಸಿ, "ಮಾತಾಡವ್ವಾ, ಒಂದ್ಸಲ ಮಾತಾಡು" ಎಂದ.

ನಾನು ಮಾತಾಡಲಿಲ್ಲ.

ನನಗೆ ಎಚ್ಚರವಿತ್ತು. ಬಾಯಿ ಚೆನ್ನಾಗಿತ್ತು. ನಾನು ಅಂಬು ಅಲ್ಲ ಎಂದು ಒಂದು ಮಾತು ಹೇಳಿದ್ದರೆ ಅವನ ಜೀವ ತಿರುಗಿ ಬರುತ್ತಿತ್ತು. ಆದರೆ ಅಳಿಯ ಎದುರಿಗಿದ್ದಾನೆ. ಇಷ್ಟು ವರ್ಷ ಅವನ ಎದುರು ಮುಚ್ಚಿದ ಬಾಯಿ, ತಗ್ಗಿನಲ್ಲಿ ಬಿದ್ದೆನೆಂದು ತೆರೆಯುತ್ತದೆಯೇ? ನನ್ನ ಕೈ ಮಾಡಿದ ಮೊದಲ ಕೆಲಸ ಸೆರಗು ಹುಡುಕಿದ್ದು. ಅದಕ್ಕೆ ಸಿಕ್ಕಿದ್ದು ಹೆಲ್ಮೆಟ್ಟು. ಬೇಕೆಂದೇ ಸುಮ್ಮನಿದ್ದೆಯಾ ಯವ್ವಾ ಎಂದು ಆಮೇಲೆ ಕಸ್ತೂರಿ ಕೇಳಿದಳು. ಬೇಕೆಂದಲ್ಲ. ರೂಢಿ.

ಅವನು ಪಟ್ಟಿ ಬಿಚ್ಚಲು ಹೋದ. ಹಿಟ್ಟು ಮೆತ್ತಿದ ಕೊಂಡಿ ಬಿಚ್ಚಲಿಲ್ಲ. ಕೊನೆಗೆ ನನ್ನನ್ನು ಹೊರಳಿಸಿದ. ಹೆಲ್ಮೆಟ್ಟಿನ ಕೆಳಗೆ ಸೆರಗು, ಸೆರಗಿನ ಕೆಳಗೆ ಅತ್ತೆ.

ಆಗ ಅವನ ಮುಖದ ಮೇಲೆ ಬಂದದ್ದನ್ನು ನಾನು ನೋಡಿದೆ. ಹೆದರಿಕೆಯಲ್ಲ, ನಾಚಿಕೆಯಲ್ಲ. ಅವೆರಡೂ ಆಮೇಲೆ ಬಂದವು. ಮೊದಲು ಬಂದದ್ದು ಸಮಾಧಾನ. ಮಗಳಲ್ಲ, ಅತ್ತೆ. ನಾನು ಇದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ. ಅಲ್ಲಿ ಬಿದ್ದವಳು ಅಂಬು ಅಲ್ಲ ಎಂದು ತಿಳಿದರೆ ನನಗೂ ಅಷ್ಟೇ ಸಮಾಧಾನವಾಗುತ್ತಿತ್ತು. ಆದರೆ ಆ ಮುಖ ನೋಡಿದಾಗ ನನಗೆ ಇನ್ನೊಂದು ಹೊಳೆಯಿತು. ಇವನು ದಿನಾ ಇದೇ ರಸ್ತೆಯಲ್ಲಿ ಎಷ್ಟೋ ಮಂದಿಯನ್ನು ತಗ್ಗಿಗೆ ಒತ್ತಿ ಕನ್ನಡಿಯನ್ನೂ ನೋಡದೆ ಹೋಗಿರಬೇಕು. ಅವರಾರೂ ಅವನ ಮಗಳಲ್ಲ.

ಜೀಪಿನ ಮಂದಿ ಇಳಿದು ನಿಂತಿದ್ದರು. ಒಬ್ಬ ನೀರು ಕೊಟ್ಟ. ಕೈ ಎತ್ತಿದ್ದ ಗಂಡಸು, ಮುದುಕರು ಈ ವಯಸ್ಸಿನಲ್ಲಿ ಸೈಕಲ್ ಯಾಕೆ ತುಳಿಯಬೇಕು ಎಂದ. ತಪ್ಪು ಯಾರದೆಂದು ಎಲ್ಲರಿಗೂ ಆಗಲೇ ಗೊತ್ತಾಗಿತ್ತು, ನನ್ನದು. ಮೊಣಕೈ ತರಚಿತ್ತು, ಸೊಂಟ ಹಿಡಿದಿತ್ತು. ತಲೆಗೆ ಏನೂ ಆಗಿರಲಿಲ್ಲ, ಹೆಲ್ಮೆಟ್ಟು ಸೀಳಿತ್ತು. ಅದಕ್ಕೆ ಅದರ ಶ್ರೇಯ ಕೊಡಲೇಬೇಕು.

ಮನೆಗೆ ಬಂದ ಮೇಲೆ ಶಿವರಾಜ ಬಹಳ ಹೊತ್ತು ಅಂಗಳದಲ್ಲಿ ತಿರುಗಾಡಿದ. ಆಮೇಲೆ ಒಳಗೆ ಬಂದು ಅಂಬುವಿಗೆ ಹೇಳಿದ.

"ನಾಳಿಂದ ಸೈಕಲ್ ಬಂದ್. ನನ್ನ ಪಾಳಿ ನೋಡ್ಕೊಂಡು ನಾನೇ ಸಾಲಿಗೆ ಬಿಡ್ತೀನಿ. ಇಲ್ಲಂದ್ರ ಅವತ್ತು ಮನ್ಯಾಗ ಕುಂದ್ರು."

ಕಸ್ತೂರಿ ಹಾಸಿಗೆಯಿಂದಲೇ, ಅದೇ ಛಲೋ ಎಂದಳು. ಅಂಬು ಸೀಳಿದ ಹೆಲ್ಮೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಅದರೊಳಗಿನ ಹಿಟ್ಟನ್ನು ಬೆರಳಿನಿಂದ ತೆಗೆಯುತ್ತ ಕೂತಳು.

ಶಿವರಾಜನ ಪಾಳಿ ಎಂದರೆ ಏನೆಂದು ನನಗೆ ಗೊತ್ತು. ಮಂದಿ ತುಂಬಿದರೆ ಗಾಡಿ ಬಿಡಬೇಕು, ಯಾವ ಹೊತ್ತು ಎಂದಿಲ್ಲ. ವಾರದಲ್ಲಿ ಎರಡು ದಿನ ಶಾಲೆ ತಪ್ಪುತ್ತದೆ, ಆಮೇಲೆ ಮೂರು. ಆಮೇಲೆ, ಇಷ್ಟು ತಪ್ಪಿಸಿ ಕಲಿತು ಏನು ಮಾಡುತ್ತಾಳೆ ಎಂಬ ಮಾತು ತಾನಾಗಿಯೇ ಬರುತ್ತದೆ. ಯಾರೂ ಕೆಟ್ಟವರಿರುವುದಿಲ್ಲ, ಎಲ್ಲರೂ ಕಾಳಜಿಯಿಂದಲೇ ಹೇಳುತ್ತಾರೆ.

ನನ್ನದೂ ಹಾಗೇ ಆದದ್ದು. ನನ್ನ ತವರು ಮೋರಖಂಡಿ. ಶಾಲೆಗೆ ಹೋಗುವ ದಾರಿಯಲ್ಲಿ ಒಬ್ಬರ ಹೋರಿ ಇರುತ್ತಿತ್ತು. ಕಟ್ಟುತ್ತಿರಲಿಲ್ಲ. ದೊಡ್ಡ ಮನೆಯ ಹೋರಿ, ಯಾರು ಹೇಳಬೇಕು? ಒಂದು ದಿನ ಅದು ನನ್ನನ್ನು ಬೇಲಿಗೆ ಅಟ್ಟಿತು. ಮೈಯೆಲ್ಲ ಮುಳ್ಳು. ಅವ್ವ ಮುಳ್ಳು ತೆಗೆಯುತ್ತ ಅತ್ತಳು, ಅಪ್ಪ ಇನ್ನು ಶಾಲೆ ಬೇಡ ಎಂದ. ಎರಡನೇ ಇಯತ್ತೆಗೆ ನನ್ನ ಓದು ನಿಂತಿತು. ಇವತ್ತಿಗೂ ಬಸ್ಸಿನ ಬೋರ್ಡು ಓದುವುದರೊಳಗೆ ಬಸ್ಸು ಹೋಗಿಬಿಡುತ್ತದೆ. ಹೋರಿಯನ್ನು ಆಮೇಲೂ ಕಟ್ಟಲಿಲ್ಲ. ಅದು ಮುದಿಯಾಗಿ ಸಾಯುವವರೆಗೆ ಆ ದಾರಿಯಲ್ಲೇ ಓಡಾಡಿಕೊಂಡಿತ್ತು.

ನಾನು ಎದ್ದು ನಿಂತೆ. ಸೊಂಟ ಹಿಡಿದದ್ದರಿಂದ ಕಂಬ ಹಿಡಿದು ನಿಂತೆ. ಸೆರಗು ತಲೆ ಮೇಲಿತ್ತು, ಇರಲಿ ಎಂದು ಬಿಟ್ಟೆ. ಅಂಬುವಿನ ಕಡೆ ನೋಡಲಿಲ್ಲ, ಬೆಕ್ಕಿನ ಕಡೆ ನೋಡಲಿಲ್ಲ, ಅವನ ಕಡೆಗೇ ನೋಡಿದೆ.

"ಹುಡುಗಿ ಸೈಕಲ್ ಮ್ಯಾಲ ಹೋಗ್ತಾಳ್ರಿ. ಬಂದ್ ಮಾಡೋದಿದ್ರ ನಿಮ್ಮ ಜೀಪ್ ಬಂದ್ ಮಾಡ್ರಿ."

ಕಸ್ತೂರಿ ಹಾಸಿಗೆಯಲ್ಲಿ ಎದ್ದು ಕೂತಳು. ಶಿವರಾಜ ಮೊದಲು ಹಿಂದೆ ತಿರುಗಿ ನೋಡಿದ, ನಾನು ಬೇರೆ ಯಾರಿಗೋ ಹೇಳುತ್ತಿದ್ದೇನೆ ಎಂದುಕೊಂಡು. ಯಾರೂ ಇರಲಿಲ್ಲ. ಅವನು ತಲೆ ತಗ್ಗಿಸಿ, ಮೆಲ್ಲಗೆ ಹೇಳಿದ.

"ಜೀಪ್ ಬಂದ್ ಮಾಡಿದ್ರ ಹೊಟ್ಟಿಗೇನ್ರಿ ಅತ್ತಿ?"

"ಹಂಗಿದ್ರ ಬ್ರೇಕ್ ಅದ ಅಲ್ರಿ. ಒತ್ರಿ ಅದನ್ನ."

"ನಾ ಒಬ್ಬಾಂವ ಒತ್ತಿದ್ರ ಆಯ್ತೇನ್ರಿ? ಉಳಿದವ್ರು?"

ನಿಂತು ನಿಂತು ಸೊಂಟ ನೋಯುತ್ತಿತ್ತು.

"ಒಬ್ಬಾಂವ ಕಡಿಮಿ ಆಗ್ತಾನ್ರಿ. ಅಷ್ಟಾದ್ರೂ ಆಗಲಿ," ಎಂದು ಹೇಳಿ ಕೂತುಬಿಟ್ಟೆ.

ಅಳಿಯನಾದವನು ಅತ್ತೆಯ ಮೊದಲ ಮಾತನ್ನೇ ತೆಗೆದುಹಾಕುವುದು ಹೇಗೆ ಎಂದು ಅವನಿಗೂ ಕಷ್ಟವಾಗಿರಬೇಕು. ಮೂರ್ನಾಲ್ಕು ದಿನ ಬಿಟ್ಟು ಇನ್ನೊಂದು ಹೆಲ್ಮೆಟ್ಟು ತರಿಸಿದ. ಈ ಸಲ ಕೆಂಪು. ಅಂಬು ಸೈಕಲ್ ಮೇಲೆ ಹೋದಳು. ಮೊದಲ ದಿನ ಅವನು ಜೀಪನ್ನು ಅವಳ ಹಿಂದೆ ಹಿಂದೆಯೇ ಶಾಲೆಯವರೆಗೂ ತೆವಳಿಸಿಕೊಂಡು ಹೋದನಂತೆ. ಹಿಂದಿನ ಗಾಡಿಯವರೆಲ್ಲ ಅವನಿಗೆ ತಾಯಿತಂದೆ ಎತ್ತಿ ಬೈದರಂತೆ. ಅಂಬು ನಾಚಿಕೆಯಿಂದ ಸತ್ತುಹೋದೆ ಎಂದಳು. ಎರಡನೇ ದಿನ ಅವನು ಹೋಗಲಿಲ್ಲ. ದಿನಾ ಹಾಗೆ ಹೋಗಲು ಯಾರಿಗೆ ಆಗುತ್ತದೆ?

ಕಸ್ತೂರಿ ಎದ್ದು ಓಡಾಡುವಂತಾದ ಮೇಲೆ ನಾನು ಸೀಳಿದ ಹೆಲ್ಮೆಟ್ಟನ್ನು ಗಂಟಿಗೆ ಹಾಕಿಕೊಂಡು ಕಲ್ಯಾಣಕ್ಕೆ ಹೊರಟೆ. ಸೊಂಟಕ್ಕೆ ಬಸ್ಸು ಆಗುವುದಿಲ್ಲ ಎಂದು ಶಿವರಾಜನ ಜೀಪಿನಲ್ಲೇ, ಮುಂದಿನ ಸೀಟಿನಲ್ಲೇ ಕೂಡಿಸಿದರು. ಒಮ್ಮೆ ಮಾತಾಡಿದ ಮೇಲೆ ಇನ್ನೇನು ಉಳಿಯಿತು ಎಂದು ನಾನೂ ಕೂತೆ. ಊರು ದಾಟಿದ ಮೇಲೆ ರಸ್ತೆಯಲ್ಲಿ ಒಬ್ಬ ಮುದುಕ ಸೈಕಲಿಗೆ ಮೇವಿನ ಹೊರೆ ಕಟ್ಟಿಕೊಂಡು ಹೋಗುತ್ತಿದ್ದ. ಹೊರೆ ಇಷ್ಟಗಲ, ಅರ್ಧ ರಸ್ತೆ ಅವನದೇ. ತಲೆಗೆ ರುಮಾಲು. ಎದುರಿನಿಂದ ಲಾರಿಗಳು ಬರುತ್ತಿದ್ದವು. ಹಿಂದೆ ಕೂತಿದ್ದವನೊಬ್ಬ, ಮುಂದೆ ಬಸ್ಸು ಹೋಯಿತು, ಅದು ಎಲ್ಲ ಮಂದಿಯನ್ನು ಬಾಚಿಕೊಂಡು ಹೋಗುತ್ತದೆ, ಹೊಡಿ ಎಂದ. ಶಿವರಾಜನ ಕೈ ಹಾರ್ನಿನ ಮೇಲೆ ಹೋಯಿತು. ನಾನು ಅವನ ಕಡೆ ತಿರುಗಲಿಲ್ಲ, ಹೊರೆಯನ್ನೇ ನೋಡುತ್ತ ಕೂತೆ. ಕೈ ಹಿಂದೆ ಬಂತು. ಲಾರಿಗಳು ಮುಗಿಯುವವರೆಗೆ ಜೀಪು ಆ ಹೊರೆಯ ಹಿಂದೆ ಎತ್ತಿನ ಗಾಡಿಯ ಹಾಗೆ ಹೋಯಿತು. ಹಿಂದಿನವರು ಗೊಣಗಿದರು. ಆಮೇಲೆ ದೂರ ಸರಿದು ಅವನನ್ನು ದಾಟಿದೆವು. ಮುದುಕ ತಲೆ ಎತ್ತಿ ನೋಡಲೂ ಇಲ್ಲ. ತನ್ನ ಹಿಂದೆ ಏನು ಆಗಲಿಲ್ಲ ಎಂಬುದು ಅವನಿಗೆ ಗೊತ್ತಾಗಲಿಲ್ಲ.

ಕಲ್ಯಾಣದಲ್ಲಿ ಇಳಿದೆ. ಶಿವರಾಜ ನನ್ನ ಗಂಟು ಇಳಿಸಿಕೊಟ್ಟು, ಬರ್ತೀನ್ರಿ ಅತ್ತಿ ಎಂದು ನೇರವಾಗಿಯೇ ಹೇಳಿದ. ಹೂಂ ಎಂದೆ. ಅವನು ಜೀಪು ತಿರುಗಿಸಿ ಹುಮನಾಬಾದಿನ ಮಂದಿಯನ್ನು ಕೂಗತೊಡಗಿದ. ಅಲ್ಲಿ ಶಾಲೆ ಬಿಡುವ ಹೊತ್ತಿಗೆ ಮುಟ್ಟುತ್ತಾನೆ. ಅವನ ಹಿಂದೆ ಮುಂದೆ ಇನ್ನೂ ಎಷ್ಟೋ ಜೀಪುಗಳು ಅದೇ ಊರಿನ ಹೆಸರು ಕೂಗುತ್ತ, ಮಂದಿ ತುಂಬಿಕೊಳ್ಳುತ್ತ ನಿಂತಿದ್ದವು. ಎಲ್ಲರಿಗೂ ಅವಸರ. ನಾನು ಗಂಟು ಹಿಡಿದು ನಿಂತು ಒಬ್ಬೊಬ್ಬ ಡ್ರೈವರನ ಮುಖವನ್ನೂ ನೋಡಿದೆ. ಇವರ ಅತ್ತೆಯರೆಲ್ಲ ಯಾವ ಯಾವ ಊರಲ್ಲಿದ್ದಾರೋ.